ಲಂಡನ್ನಿಗಿಂತ ಮೊದಲೇ ನಮ್ಮ ಬೆಳ್ಳಿತೆರೆಗೆ ಬಂದಿದ್ದಳು ಹಸೀನಾ!

ಚಿಕ್ಕಬಾಣಾವರದ ಯಾವುದಾದರೂ ಟೀ ಅಂಗಡಿ ಮುಂದೆ ನಿಂತು ‘ಅವಾರ್ಡ್ ಪಿಕ್ಚರ್’ ಅಂತ ಒಮ್ಮೆ ಜೋರಾಗಿ ಹೇಳಿ ನೋಡಿ. ಹತ್ತು ಜನರಲ್ಲಿ ಎಂಟು ಜನ ಆಕಳಿಸುತ್ತಾರೆ! ಫೈಟಿಲ್ಲ, ಹಾಡಿಲ್ಲ, ಶಿಳ್ಳೆ ಹೊಡೆಯೋದಕ್ಕೆ ಒಂದು ಎಂಟ್ರಿಯೂ ಇಲ್ಲ. ಇನ್ನು ನೂರು ದಿನದ ಮಾತು ಬೇಡವೇ ಬೇಡ. ಅವಾರ್ಡು ಅವರಿಗಿರಲಿ, ನಮ್ಮ ಟಿಕೆಟ್ಟು ನಮ್ಮ ಹೀರೋಗಿರಲಿ ಅನ್ನೋದು ಇಲ್ಲಿನ ಹುಡುಗರ ವಾದ.

ಇರಲಿ ಸ್ವಾಮಿ. 2025ರ ಮೇ 20ರ ರಾತ್ರಿ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಗೆದ್ದರಲ್ಲ, ಆ ಬಾನು ಮುಷ್ತಾಕ್ ಯಾರೆಂದು ಬಲ್ಲಿರಾ? ನಮ್ಮ ಹಾಸನದವರು. ವಕೀಲೆ, ಹಿಂದೆ ‘ಲಂಕೇಶ್ ಪತ್ರಿಕೆ’ಯ ವರದಿಗಾರ್ತಿ. ಪ್ರಶಸ್ತಿ ಬಂದ ‘ಹಾರ್ಟ್ ಲ್ಯಾಂಪ್’ನಲ್ಲಿರೋದು 12 ಕತೆ, ಎಲ್ಲವೂ ಕನ್ನಡದಲ್ಲೇ ಹುಟ್ಟಿದ್ದು. ಇಂಗ್ಲಿಷಿಗೆ ತಂದವರು ಮಡಿಕೇರಿಯ ದೀಪಾ ಭಾಸ್ತಿ. ಕನ್ನಡಕ್ಕೆ ಈ ಪ್ರಶಸ್ತಿ ಇದೇ ಮೊದಲು. ಸಣ್ಣಕತೆಗಳ ಪುಸ್ತಕವೊಂದಕ್ಕೂ ಇದೇ ಮೊದಲು!

ಪೀಣ್ಯದಲ್ಲಿ ಲೇತ್ ಮೇಲೆ ಕೆಲಸ ಮಾಡೋ ಗೆಳೆಯನ ಮೊದಲ ಪ್ರಶ್ನೆ: “ದುಡ್ಡೆಷ್ಟು ಗುರೂ?” 50,000 ಪೌಂಡು. ನಮ್ಮ ಲೆಕ್ಕದಲ್ಲಿ ಅರ್ಧ ಕೋಟಿ ದಾಟುತ್ತೆ. ಬರೆದವರಿಗೆ ಅರ್ಧ, ಅನುವಾದಿಸಿದವರಿಗೆ ಅರ್ಧ. (ಗಾಂಧಿನಗರದಲ್ಲಿ ಕತೆ ಬರೆದವನಿಗೆ ಇಷ್ಟು ನೀಟಾಗಿ ಲೆಕ್ಕ ಚುಕ್ತಾ ಮಾಡಿದ್ದನ್ನು ಕಂಡವರಿದ್ದರೆ ದಯವಿಟ್ಟು ತಿಳಿಸಿ!)

ಈಗ ನಮ್ಮ ವಿಷಯಕ್ಕೆ ಬರೋಣ. ಆ 12 ಕತೆಗಳಲ್ಲಿ ಒಂದು ‘ಕರಿ ನಾಗರಗಳು’. ಅದನ್ನೇ ಗಿರೀಶ್ ಕಾಸರವಳ್ಳಿ 2004ರಲ್ಲಿ ‘ಹಸೀನಾ’ ಅಂತ ಚಿತ್ರ ಮಾಡಿದ್ದರು. ಲಂಡನ್ನಿನ ಚಪ್ಪಾಳೆಗೆ 21 ವರ್ಷ ಮೊದಲು! ಗಂಡ ಆಟೋ ಡ್ರೈವರ್. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಹೆಂಡತಿಯನ್ನು ಬಿಟ್ಟು ನಡೆಯುತ್ತಾನೆ. ನ್ಯಾಯ ಹೇಳಬೇಕಾದ ಮುತವಲ್ಲಿ ದಿನ ತಳ್ಳುತ್ತಾನೆ. ಹಸೀನಾ ಸುಮ್ಮನಿರುವ ಹೆಣ್ಣಲ್ಲ. ಮಕ್ಕಳನ್ನು ಕಟ್ಟಿಕೊಂಡು ಮಸೀದಿ ಮುಂದೆ ಕೂತುಬಿಡುತ್ತಾಳೆ. ಕೂತಲ್ಲೇ ಫೈಟು! ಕಮರ್ಷಿಯಲ್ ಚಿತ್ರಗಳಲ್ಲಿ ನಾವು ಕಂಡ ಅದೇ ತಾರಾ ಈ ಹಸೀನಾ. ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಅವರಿಗೆ ಬಂದದ್ದೇ ಈ ಪಾತ್ರಕ್ಕೆ.

ಮಾಸ್ ಚಿತ್ರವಾಗಿದ್ದರೆ ಇಷ್ಟೊತ್ತಿಗೆ ಅಣ್ಣನೊಬ್ಬ ಧೂಳೆಬ್ಬಿಸುತ್ತಾ ಬಂದು ಆ ಗಂಡನಿಗೆ ನಾಲ್ಕು ಬಾರಿಸುತ್ತಿದ್ದ. ನಮ್ಮ ಹುಡುಗರು ಪರದೆಗೆ ಚಿಲ್ಲರೆ ತೂರುತ್ತಿದ್ದರು. ಹಸೀನಾಗೆ ಅಂಥ ಅಣ್ಣ ಬರೋದೇ ಇಲ್ಲ. ನಮ್ಮ ಬೀದಿಯಲ್ಲಿ ಗಂಡ ಬಿಟ್ಟುಹೋದ ಯಾವ ಹೆಣ್ಣಿಗೆ ತಾನೇ ಬಂದಿದ್ದಾನೆ, ಹೇಳಿ?

ಇಷ್ಟು ಕೇಳಿದ ಗೆಳೆಯ ಆಕಳಿಸಲಿಲ್ಲ. “ಆ ಗಂಡ ಕೊನೆಗೆ ಏನಾದ?” ಅಂದ.

ಎಲ್ಲಾ ನಾನೇ ಹೇಳಿಬಿಟ್ಟರೆ ಪಿಕ್ಚರ್ ನೋಡೋರು ಯಾರು?