ತೊಗರಿಯ ಗಿಡ ಸೊರಗುವುದೇಕೆ?

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಎರೆಭೂಮಿಯಲ್ಲಿ ತೊಗರಿಯು ಪ್ರಮುಖ ಬೆಳೆ. 2022ರಲ್ಲಿ ಕಲಬುರಗಿ ಜಿಲ್ಲೆಯ ತೊಗರಿಗೆ ನೆಟೆರೋಗ ತಗುಲಿ ರೈತರು ಅಪಾರ ನಷ್ಟಕ್ಕೊಳಗಾದರು. ನೆಲದಲ್ಲಿ ತೇವವಿದ್ದೂ ಈ ರೋಗದಲ್ಲಿ ಗಿಡವು ಸೊರಗುವುದೇಕೆ? ಸಸ್ಯಕೋಶದ ರಚನೆಯನ್ನು ತಿಳಿದರೆ ಉತ್ತರ ದೊರೆಯುತ್ತದೆ.

ಎಲೆಯ ಪ್ರತಿಯೊಂದು ಜೀವಕೋಶಕ್ಕೂ ಸೆಲ್ಯುಲೋಸಿನ ಗಟ್ಟಿ ಭಿತ್ತಿಯುಂಟು. ಅದರ ಒಳಮಗ್ಗುಲಿಗೆ ತೆಳುವಾದ ಪೊರೆಯಿದೆ. ಕೋಶಕೇಂದ್ರವು ಕೋಶದ ಕಾರ್ಯಗಳನ್ನು ನಿಯಂತ್ರಿಸುತ್ತದೆ. ಹರಿತ್ಕಣಗಳು ಬಿಸಿಲಿನ ನೆರವಿನಿಂದ ಸಕ್ಕರೆಯನ್ನು ತಯಾರಿಸುತ್ತವೆ; ಮೈಟೊಕಾಂಡ್ರಿಯಗಳು ಆ ಸಕ್ಕರೆಯಿಂದ ಶಕ್ತಿಯನ್ನು ಒದಗಿಸುತ್ತವೆ. ನಡುವಿನ ಬಹುಪಾಲು ಸ್ಥಳವನ್ನು ವ್ಯಾಪಿಸಿರುವುದು ರಸದಾನಿ. ಲವಣ, ಸಕ್ಕರೆಗಳು ಕರಗಿರುವ ಅದರ ರಸವು ನೀರನ್ನು ಒಳಕ್ಕೆ ಸೆಳೆಯುತ್ತದೆ. ಆಗ ರಸದಾನಿಯು ಉಬ್ಬಿ ಭಿತ್ತಿಯನ್ನು ಒತ್ತುತ್ತದೆ. ಗಾಳಿ ತುಂಬಿದ ಟ್ಯೂಬಿನಿಂದ ಸೈಕಲ್ಲಿನ ಟಯರು ಬಿಗಿಯುವಂತೆ, ಈ ಒತ್ತಡದಿಂದಲೇ ಎಲೆಯು ಸೆಟೆದು ನಿಲ್ಲುತ್ತದೆ.

ಬೇರಿನಿಂದ ನೀರನ್ನು ಮೇಲಕ್ಕೊಯ್ಯುವ ನಾಳಗಳೂ ಕೋಶಗಳಿಂದಲೇ ಆದವು; ಆದರೆ ಅವು ಸತ್ತ ಕೋಶಗಳು, ಭಿತ್ತಿ ಮಾತ್ರ ಉಳಿದ ಕೊಳವೆಗಳು. ಮಣ್ಣಿನಲ್ಲಿರುವ ಫ್ಯುಸೇರಿಯಂ ಎಂಬ ಶಿಲೀಂಧ್ರವು ಬೇರಿನ ಮೂಲಕ ಹೊಕ್ಕು ಇವುಗಳನ್ನು ಮುಚ್ಚಿಬಿಡುತ್ತದೆ. ನೀರು ದೊರೆಯದೆ ರಸದಾನಿಯು ಕುಗ್ಗುತ್ತದೆ, ಎಲೆಯು ಜೋಲುತ್ತದೆ. ಆಗ ನೀರೆರೆದೂ ಫಲವಿಲ್ಲ. ಈ ಶಿಲೀಂಧ್ರವು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಆದುದರಿಂದ ರೋಗನಿರೋಧಕ ತಳಿಗಳನ್ನು ಬಿತ್ತುವುದು, ಜೋಳದೊಡನೆ ಬೆಳೆ ಬದಲಾಯಿಸುವುದು, ಇವೇ ಉತ್ತಮ ರಕ್ಷೆ.