ಜಾರುವ ಯಂತ್ರ, ಕಳಚದ ತಂತಿ: ಡಿಜಿಟಲ್ ಸಂಗ್ರಹದ ರ‍್ಯಾಕಿನಲ್ಲಿ ಕೇಬಲ್ ವ್ಯವಸ್ಥೆ

ಭಾಷಾ ಸಂಶೋಧನೆಯ ಆಕರಗಳು ಕಪಾಟಿನಿಂದ ಡಿಸ್ಕಿಗೆ ಸ್ಥಳಾಂತರಗೊಳ್ಳುತ್ತಿವೆ. ಕಾಸರಗೋಡಿನ ಹವ್ಯಕ ಕನ್ನಡದ ಮಾತುಕತೆಯಾಗಲಿ, ನೀಲಗಿರಿಯ ಬಡಗರ ಹಾಡಾಗಲಿ, ಸೊಲ್ಲಾಪುರ-ಅಕ್ಕಲಕೋಟೆ ಸೀಮೆಯ ಹಸ್ತಪ್ರತಿಯಾಗಲಿ, ಒಮ್ಮೆ ಡಿಜಿಟಲ್ ರೂಪ ತಳೆದ ಮೇಲೆ ಅದರ ಉಳಿವು ಕಬ್ಬಿಣದ ಚೌಕಟ್ಟಿನೊಳಗಿನ ಯಂತ್ರವೊಂದನ್ನು ಅವಲಂಬಿಸುತ್ತದೆ. ಹಾಡಿದವರು ತೀರಿಹೋದ ಬಳಿಕ ಕಳೆದುಹೋದ ಧ್ವನಿಮುದ್ರಣವನ್ನು ಮತ್ತೆ ಮಾಡಿಕೊಳ್ಳಲು ಬಾರದು. ಕಡತದ ಸ್ವರೂಪ, ಅಕ್ಷರ ಸಂಕೇತ, ವಿವರಸೂಚಿಗಳ ಬಗ್ಗೆ ವಿದ್ವಾಂಸರು ಸಾಕಷ್ಟು ಚರ್ಚಿಸುತ್ತಾರೆ. ಯಂತ್ರದ ಹಿಂಬದಿಯ ತಂತಿಗಳನ್ನು ಮಾತ್ರ ಗುತ್ತಿಗೆದಾರರಿಗೆ ಬಿಟ್ಟುಬಿಡುತ್ತಾರೆ. ಆ ತಂತಿಗಳ ಉದ್ದವೂ ಕಟ್ಟೂ ಸಂಗ್ರಹದ ಸುರಕ್ಷತೆಯ ಭಾಗವೇ ಆಗಿವೆ ಎಂಬುದನ್ನು ಪ್ರಸ್ತುತ ಲೇಖನ ವಿವರಿಸುತ್ತದೆ.

ಚೌಕಟ್ಟು ಮತ್ತು ಜಾರುಹಳಿ

ಸರ್ವರ್ ರ‍್ಯಾಕಿನಲ್ಲಿ ಕೂರುವ ಉಪಕರಣದ ಮುಂಬದಿಯ ಅಗಲ 19 ಅಂಗುಲ, ಅಂದರೆ 482.6 ಮಿಲಿಮೀಟರ್. ಎತ್ತರವನ್ನು 'ಯು' ಎಂಬ ಮಾನದಿಂದ ಅಳೆಯುತ್ತಾರೆ. ಒಂದು ಯು ಎಂದರೆ 44.45 ಮಿಲಿಮೀಟರ್. ಸಾಮಾನ್ಯವಾಗಿ ಬಳಕೆಯಲ್ಲಿರುವ ರ‍್ಯಾಕಿನ ಎತ್ತರ 42 ಯು. ಹಗುರವಾದ ಉಪಕರಣಗಳನ್ನು ಮುಂದಿನ ಕಂಬಗಳಿಗೆ ತಿರುಪಿನಿಂದ ಬಿಗಿದರೆ ಸಾಕು. ಸರ್ವರುಗಳನ್ನೂ ಡಿಸ್ಕ್ ಪೆಟ್ಟಿಗೆಗಳನ್ನೂ ಎರಡು ಪಕ್ಕದ ಹಳಿಗಳ ಮೇಲೆ ಕೂರಿಸಿ, ಮೇಜಿನ ಸೆಳೆಖಾನೆಯಂತೆ ಮುಂದಕ್ಕೆ ಎಳೆಯುವ ಅನುಕೂಲ ಕಲ್ಪಿಸಿರುತ್ತಾರೆ. ಫ್ಯಾನನ್ನೋ ಮೆಮೊರಿಯನ್ನೋ ಬದಲಿಸಬೇಕಾದಾಗ ಯಂತ್ರವನ್ನು ಹೊರಗೆಳೆದು ಮೇಲಿನ ಮುಚ್ಚಳ ತೆರೆಯುತ್ತಾರೆ.

ದೊಡ್ಡ ಸಂಗ್ರಹಗಳಿಗೆ ಬಳಸುವ ಡಿಸ್ಕ್ ಪೆಟ್ಟಿಗೆಗಳಲ್ಲಿ ಈ ಜಾರುವಿಕೆ ಅನಿವಾರ್ಯ. ನಾಲ್ಕು ಯು ಎತ್ತರದ ಪೆಟ್ಟಿಗೆಯಲ್ಲಿ 60 ಡಿಸ್ಕುಗಳನ್ನು ನೆಟ್ಟಗೆ ನಿಲ್ಲಿಸುವ ವಿನ್ಯಾಸಗಳಿವೆ. ಅವುಗಳಲ್ಲಿ ಕೆಟ್ಟ ಡಿಸ್ಕನ್ನು ಮೇಲಿನಿಂದಲೇ ಎತ್ತಬೇಕು. ಅದಕ್ಕಾಗಿ ಪೆಟ್ಟಿಗೆ ಮುಂದಕ್ಕೆ ಬರಬೇಕು. ಬರುವಾಗಲೂ ಅದು ಕೆಲಸ ಮಾಡುತ್ತಲೇ ಇರಬೇಕು. ಮೂಲ ತೊಡಕು ಇಲ್ಲಿದೆ: ಯಂತ್ರ ಮುಂದಕ್ಕೆ ಚಲಿಸುತ್ತದೆ, ಅದಕ್ಕೆ ಅಂಟಿಕೊಂಡ ತಂತಿಗಳ ಇನ್ನೊಂದು ತುದಿ ಹಿಂದೆ ಸ್ಥಿರವಾಗಿರುತ್ತದೆ.

ತಂತಿ ಸಾಲದೆ ಕಳಚಿದರೆ ಆಗುವ ಹಾನಿ ಸಣ್ಣದಲ್ಲ. ರೇಯ್ಡ್ 6 ಎಂಬ ವಿನ್ಯಾಸದಲ್ಲಿ ಒಂದು ಗುಂಪಿನ ಎರಡು ಡಿಸ್ಕುಗಳು ಏಕಕಾಲಕ್ಕೆ ಕೆಟ್ಟರೂ ದತ್ತಾಂಶ ಉಳಿಯುತ್ತದೆ. ಆದರೆ ಪೆಟ್ಟಿಗೆಯನ್ನು ಸರ್ವರಿಗೆ ಜೋಡಿಸುವ ದತ್ತಾಂಶದ ಕೇಬಲ್ ಒಂದೇ ಆಗಿದ್ದು, ಅದು ಕಳಚಿಕೊಂಡರೆ ಎಲ್ಲ ಡಿಸ್ಕುಗಳೂ ಒಮ್ಮೆಲೇ ಕಣ್ಮರೆಯಾಗುತ್ತವೆ. ಒಂದು ಡಿಸ್ಕನ್ನು ಸರಿಪಡಿಸಲು ಹೋದ ಕೈ ಇಡೀ ಸಂಗ್ರಹವನ್ನು ನಿಲ್ಲಿಸಿರುತ್ತದೆ. ಕಾಯಂ ತಂತ್ರಜ್ಞರಿಲ್ಲದ ಸಣ್ಣ ಕೇಂದ್ರದಲ್ಲಿ ಅದನ್ನು ಮತ್ತೆ ಎಬ್ಬಿಸುವುದು ಸುಲಭವಲ್ಲ.

ಸಡಿಲು ಎಷ್ಟು, ಎಲ್ಲಿ?

ಬಾವಿಯ ಆಳ ನೋಡಿ ಹಗ್ಗ ತರುವಂತೆ, ಯಂತ್ರ ಪೂರ್ತಿ ಹೊರಬಂದ ಸ್ಥಿತಿಯನ್ನು ನೋಡಿ ಕೇಬಲಿನ ಉದ್ದವನ್ನು ನಿರ್ಧರಿಸಬೇಕು. ಯಂತ್ರದ ಹಿಂಬದಿಯಿಂದ ಪಕ್ಕದ ಕಂಬಕ್ಕೆ 40 ಸೆಂಟಿಮೀಟರ್, ಕಂಬದಗುಂಟ ಸ್ವಿಚ್ಚಿನವರೆಗೆ 60 ಸೆಂಟಿಮೀಟರ್ ಇದೆಯೆಂದು ಭಾವಿಸೋಣ. ಒಂದು ಮೀಟರಿನ ಕೇಬಲ್ ಸರಿಯಾಗಿ ಕೂರುತ್ತದೆ, ನೋಡಲೂ ಅಂದವಾಗಿರುತ್ತದೆ. ಯಂತ್ರ 70 ಸೆಂಟಿಮೀಟರ್ ಮುಂದೆ ಬರುವುದಾದರೆ ಅದನ್ನೂ, ತುದಿಗಳ ಬಾಗುವಿಕೆಗೆ 20-30 ಸೆಂಟಿಮೀಟರನ್ನೂ ಸೇರಿಸಬೇಕು. ಆಗ ಬೇಕಾಗುವುದು ಎರಡು ಮೀಟರ್. ಮುಚ್ಚಿದ ಸ್ಥಿತಿಯ ಅಚ್ಚುಕಟ್ಟು ತೆರೆದ ಸ್ಥಿತಿಯ ಅಪಾಯವನ್ನು ಮರೆಮಾಡುತ್ತದೆ.

ಉದ್ದವಿದ್ದರೆ ಸಾಲದು, ಆ ಸಡಿಲು ತಕ್ಕ ಜಾಗದಲ್ಲಿಯೂ ಇರಬೇಕು. ರ‍್ಯಾಕಿನ ಮೇಲ್ಮೂಲೆಯಲ್ಲಿ ಸುರುಳಿ ಸುತ್ತಿ ಕಟ್ಟಿದ ಹೆಚ್ಚುವರಿ ಕೇಬಲ್ ಜಾರುವ ಯಂತ್ರಕ್ಕೆ ನಿರುಪಯುಕ್ತ. ಯಂತ್ರದ ಹಿಂಬದಿಗೂ ಕಂಬದ ಮೊದಲ ಕಟ್ಟಿಗೂ ನಡುವೆ ಇರುವ ಸಡಿಲು ಮಾತ್ರ ಯಂತ್ರದೊಡನೆ ಚಲಿಸಬಲ್ಲದು. ಲಿಫ್ಟಿನ ಕೆಳಗೆ ಇಳಿಬಿದ್ದಿರುವ ವಿದ್ಯುತ್ ಕೇಬಲ್ ಇದಕ್ಕೆ ಒಳ್ಳೆಯ ನಿದರ್ಶನ: ಅದರ ಒಂದು ತುದಿ ಗೋಡೆಗೆ, ಇನ್ನೊಂದು ಲಿಫ್ಟಿಗೆ, ನಡುವಿನ ಬಾಗು ಲಿಫ್ಟಿನೊಡನೆ ಏರುತ್ತ ಇಳಿಯುತ್ತ ಇರುತ್ತದೆ. ಇದೇ ಕಾರಣಕ್ಕೆ ಒಂದು ಯಂತ್ರದ ಕೇಬಲುಗಳನ್ನು ನೆರೆಯ ಯಂತ್ರದ ಕೇಬಲುಗಳೊಡನೆ ಸೇರಿಸಿ ಕಟ್ಟಬಾರದು. ಹಾಗೆ ಕಟ್ಟಿದರೆ ಒಂದನ್ನು ಎಳೆದಾಗ ಇನ್ನೊಂದೂ ಕಳಚುತ್ತದೆ.

ಮಡಿಚುವ ತೋಳು

ಸಡಿಲನ್ನು ಜೋತುಬಿಡದೆ ಹಿಡಿದಿಡಲು ತಯಾರಕರು ಕೊಡುವ ಸಾಧನವೇ ಕೇಬಲ್ ತೋಳು. ಮೊಣಕೈಯಂತೆ ಮಡಿಚುವ ಎರಡು ತುಂಡುಗಳಲ್ಲಿ ಒಂದರ ತುದಿ ಚಲಿಸುವ ಹಳಿಗೆ, ಇನ್ನೊಂದರ ತುದಿ ಹಿಂದಿನ ಸ್ಥಿರ ಹಳಿಗೆ ಸೇರಿರುತ್ತದೆ. ಯಂತ್ರ ಮುಂದೆ ಬಂದಾಗ ತೋಳು ಚಾಚಿಕೊಳ್ಳುತ್ತದೆ, ಹಿಂದೆ ಹೋದಾಗ ಮಡಿಚಿಕೊಳ್ಳುತ್ತದೆ. ತೋಳಿನಗುಂಟ ಸಾಗುವ ಕೇಬಲಿನ ಉದ್ದ ಎರಡೂ ಸ್ಥಿತಿಗಳಲ್ಲಿ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಬೀಳುವುದು ಮೊಣಕೈಯಲ್ಲಿ. ಅಲ್ಲಿ ಬಿಗಿಯಾಗಿ ಕಟ್ಟದೆ ಸಣ್ಣ ಕುಣಿಕೆಯಷ್ಟು ಸಡಿಲು ಬಿಡಬೇಕು.

ತೋಳಿಗೂ ದೋಷಗಳಿವೆ. ಯಂತ್ರ ಮುಂದಿನಿಂದ ತಣ್ಣನೆಯ ಗಾಳಿ ಸೇದಿ ಹಿಂದಿನಿಂದ ಬಿಸಿಗಾಳಿ ಬಿಡುತ್ತದೆ. ಕೇಬಲ್ ತುಂಬಿದ ತೋಳು ಆ ದಾರಿಗೆ ಅಡ್ಡ ನಿಲ್ಲುತ್ತದೆ. ಹಿಂದಿನಿಂದ ತೆಗೆಯುವ ವಿದ್ಯುತ್ ಘಟಕವನ್ನೂ ಅದು ಮರೆಮಾಡುತ್ತದೆ. ಆದ್ದರಿಂದ ಎಲ್ಲ ಯಂತ್ರಗಳಿಗೂ ತೋಳು ಹಾಕುವುದು ವಿವೇಕವಲ್ಲ. ಓಡುತ್ತಿರುವಾಗಲೇ ಎಳೆಯಬೇಕಾದ ಡಿಸ್ಕ್ ಪೆಟ್ಟಿಗೆಗೆ ತೋಳು ತಕ್ಕದ್ದು. ವರ್ಷಗಳಿಗೊಮ್ಮೆ, ಅದೂ ನಿಲ್ಲಿಸಿದ ಬಳಿಕ ಎಳೆಯುವ ಯಂತ್ರಕ್ಕೆ ಚಿಕ್ಕ ಕೇಬಲ್ ಹಾಕಿ, ಎಳೆಯುವ ಮುನ್ನ ಬಿಚ್ಚುವುದು ಮೇಲು. ಯಾವುದು ಯಾವ ವರ್ಗಕ್ಕೆ ಸೇರಿದ್ದೆಂಬುದನ್ನು ಮೊದಲೇ ತೀರ್ಮಾನಿಸಿ ಯಂತ್ರದ ಮುಂಬದಿಯಲ್ಲಿ ಬರೆದಿಡಬೇಕು.

ಬಾಗು ಮತ್ತು ಕಟ್ಟು

ಕೇಬಲನ್ನು ಬೇಕೆಂದಂತೆ ಬಗ್ಗಿಸಲಾಗದು. ತಾಮ್ರದ ನೆಟ್‌ವರ್ಕ್ ಕೇಬಲಿನ ಬಾಗಿನ ತ್ರಿಜ್ಯ ಅದರ ವ್ಯಾಸದ ನಾಲ್ಕು ಪಟ್ಟಿಗಿಂತ ಕಡಿಮೆಯಾಗಬಾರದೆಂಬುದು ರೂಢಿಯ ನಿಯಮ. ಆರು ಮಿಲಿಮೀಟರ್ ದಪ್ಪದ ಕೇಬಲಿಗೆ ಇದು 24 ಮಿಲಿಮೀಟರ್. ಬೆಳಕಿನ ತಂತುವಿಗೆ ಹತ್ತು ಪಟ್ಟು, ಎಳೆತವಿರುವಾಗ ಇಪ್ಪತ್ತು ಪಟ್ಟು ಬೇಕು. ಬಿಗಿಯಾದ ಪ್ಲಾಸ್ಟಿಕ್ ಟೈ ಕೇಬಲನ್ನು ಹಿಸುಕುತ್ತದೆ. ಬದಲಿಸಬೇಕೆಂದರೆ ಕತ್ತರಿ ಹಾಕಬೇಕು, ಕತ್ತರಿ ಪಕ್ಕದ ಕೇಬಲಿಗೂ ತಾಗಬಹುದು. ವೆಲ್ಕ್ರೊ ಪಟ್ಟಿಯಾದರೆ ಬಿಚ್ಚಿ ಮತ್ತೆ ಕಟ್ಟಬಹುದು.

ನೆಟ್‌ವರ್ಕ್ ಕೇಬಲಿನ ತುದಿಗೆ ಹಿಡಿದುಕೊಳ್ಳುವ ಪ್ಲಾಸ್ಟಿಕ್ ನಾಲಗೆ ಇದೆ. ಸಾಮಾನ್ಯ ವಿದ್ಯುತ್ ಕೇಬಲಿಗೆ ಅದೂ ಇಲ್ಲ, ಪ್ರತಿ ಎಳೆತಕ್ಕೂ ಅದು ಸ್ವಲ್ಪ ಸ್ವಲ್ಪವೇ ಸಡಿಲಗೊಳ್ಳಬಹುದು. ಯಂತ್ರಕ್ಕೆ ಎರಡು ವಿದ್ಯುತ್ ಘಟಕಗಳಿದ್ದರೆ ಅವುಗಳ ಕೇಬಲುಗಳನ್ನು ಎರಡು ಬೇರೆ ಮೂಲಗಳಿಗೆ ಜೋಡಿಸಬೇಕು. ಒಂದು ಜಾರಿದರೂ ಇನ್ನೊಂದು ಯಂತ್ರವನ್ನು ಕಾಯುತ್ತದೆ.

ಲೇಬಲ್ ಯಾವ ಭಾಷೆಯಲ್ಲಿ?

ಪ್ರತಿ ಕೇಬಲಿನ ಎರಡೂ ತುದಿಗಳಲ್ಲಿ ಒಂದೇ ಲೇಬಲ್ ಇರಬೇಕು. ಗಡಿನಾಡಿನ ಕೇಂದ್ರಗಳಲ್ಲಿ ಅದರ ಭಾಷೆಯ ಪ್ರಶ್ನೆಯೂ ಏಳುತ್ತದೆ. ಸಂಗ್ರಹವನ್ನು ಬಲ್ಲವರು ಕನ್ನಡ ಓದುತ್ತಾರೆ. ಕರೆದಾಗ ಬರುವ ತಂತ್ರಜ್ಞರು ಕಾಸರಗೋಡಿನಲ್ಲಿ ಮಲಯಾಳಂ, ಆದೋನಿಯಲ್ಲಿ ತೆಲುಗು, ಸೊಲ್ಲಾಪುರದಲ್ಲಿ ಮರಾಠಿ ಮಾತ್ರ ಓದುವವರಾಗಿರಬಹುದು. ಕೇಬಲಿನ ಮೇಲೆ ಅಂಕಿಗಳನ್ನಷ್ಟೇ ಬರೆಯುವುದು ಕ್ಷೇಮ: '1-18-2' ಎಂದರೆ ಒಂದನೆಯ ರ‍್ಯಾಕ್, ಹದಿನೆಂಟನೆಯ ಯು, ಎರಡನೆಯ ಕಿಂಡಿ. ಅಂಕಿಗಳ ಅರ್ಥವನ್ನೂ, ಯಾವ ಯಂತ್ರದಲ್ಲಿ ಯಾವ ಸಂಗ್ರಹವಿದೆ ಎಂಬುದನ್ನೂ ಕನ್ನಡದಲ್ಲಿಯೂ ರಾಜ್ಯದ ಭಾಷೆಯಲ್ಲಿಯೂ ಬರೆದ ಹಾಳೆಯನ್ನು ರ‍್ಯಾಕಿನ ಬಾಗಿಲಿನ ಒಳಬದಿಗೆ ಅಂಟಿಸಬೇಕು. ದ್ವಿಭಾಷಿಕ ವಿದ್ವಾಂಸರು ನೇರವಾಗಿ ನೆರವಾಗಬಹುದಾದ ಕೆಲಸ ಇದು.

ಎಳೆದು ನೋಡುವ ಪರೀಕ್ಷೆ

ಗುತ್ತಿಗೆದಾರರಿಂದ ಕೆಲಸವನ್ನು ಒಪ್ಪಿಕೊಳ್ಳುವ ಮುನ್ನ, ಸಂಗ್ರಹವನ್ನು ಯಂತ್ರಕ್ಕೆ ತುಂಬುವ ಮುನ್ನ, ಪ್ರತಿ ಉಪಕರಣವನ್ನೂ ಪೂರ್ತಿ ಎಳೆದು ನೋಡಬೇಕು. ಒಬ್ಬರು ಮುಂದೆ ನಿಧಾನವಾಗಿ ಎಳೆಯಬೇಕು, ಇನ್ನೊಬ್ಬರು ಹಿಂದೆ ನಿಂತು ಯಾವ ಕೇಬಲ್ ಬಿಗಿಯಾಗುತ್ತದೆ, ಯಾವುದು ಅಂಚಿಗೆ ಸಿಲುಕುತ್ತದೆ ಎಂದು ಗಮನಿಸಬೇಕು. ಒಳಗೆ ತಳ್ಳುವಾಗಲೂ ನೋಡಬೇಕು. ಮಡಿಕೆಯ ನಡುವೆ ಕೇಬಲ್ ನಜ್ಜುಗುಜ್ಜಾಗುವುದು ಆಗಲೇ. ಒಂದು ಸಲಕ್ಕೆ ಒಂದೇ ಉಪಕರಣವನ್ನು ಎಳೆಯಬೇಕು: 60 ಡಿಸ್ಕುಗಳ ತೂಕವೇ 40 ಕಿಲೋ ಮೀರುತ್ತದೆ, ನೆಲಕ್ಕೆ ಬಿಗಿಯದ ರ‍್ಯಾಕ್ ಮುಂದಕ್ಕೆ ಮಗುಚಬಹುದು.

ಈ ಪರೀಕ್ಷೆಗೆ ಬೇಕಾಗುವುದು ಇಬ್ಬರು ಜನ ಮತ್ತು ಸ್ವಲ್ಪ ಬಿಡುವು ಮಾತ್ರ. ಸಂಗ್ರಹ ಇನ್ನೂ ಖಾಲಿಯಿರುವಾಗ ಕೇಬಲ್ ಕಳಚಿದರೆ ಬದಲಿಸಬೇಕಾದುದು ಒಂದು ಕೇಬಲನ್ನಷ್ಟೇ. ಧ್ವನಿಗಳು ತುಂಬಿದ ಬಳಿಕ ಅದೇ ತಪ್ಪು ಹೊರಬಿದ್ದರೆ ಅಪಾಯಕ್ಕೆ ಸಿಲುಕುವುದು, ಮತ್ತೆ ಕೇಳಲು ಯಾರೂ ಉಳಿಯದ ಮಾತುಗಳು.