ಶಾಸನಸೂಚಿಯಲ್ಲಿ ಊರಿನ ಹೆಸರು ಉಂಟೆ? : ಡಿಕ್ಷನರಿಯ ಕೀಲಿಯನ್ನು ಪರೀಕ್ಷಿಸುವ ವಿಚಾರ

ಶಾಸನಗಳ ವಿವರವನ್ನು ಗಣಕಯಂತ್ರದಲ್ಲಿ ಅಳವಡಿಸಿಕೊಂಡು ಅಭ್ಯಾಸ ಮಾಡುವವರಿಗೆ ಮೇಲಿಂದ ಮೇಲೆ ಎದುರಾಗುವ ಪ್ರಶ್ನೆಯೊಂದುಂಟು: ಈ ಊರು ನಮ್ಮ ಸೂಚಿಯಲ್ಲಿದೆಯೆ? ನೋಡುವುದಕ್ಕೆ ಇದು ಅತಿ ಸರಳವಾದ ಪ್ರಶ್ನೆ. ಆದರೆ ಯಂತ್ರವು ‘ಇಲ್ಲ’ ಎಂದುದನ್ನು ‘ಆ ಊರಿನಲ್ಲಿ ಶಾಸನವಿಲ್ಲ’ ಎಂದು ಓದಿಕೊಂಡು, ಅದರ ಮೇಲೆ ಒಂದು ಸೀಮೆಯ ಇತಿಹಾಸವನ್ನೇ ಕಟ್ಟಿಬಿಡುವ ಅಪಾಯ ಇದರಲ್ಲಿದೆ. ಆದ್ದರಿಂದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ನಿದರ್ಶನಗಳನ್ನಿಟ್ಟುಕೊಂಡು ಈ ಪ್ರಶ್ನೆಯ ಸ್ವರೂಪವನ್ನು ಇಲ್ಲಿ ವಿವೇಚಿಸಲು ಬಯಸುತ್ತೇವೆ.

ಪೈಥಾನ್ ಮೊದಲಾದ ಗಣಕಭಾಷೆಗಳಲ್ಲಿ ‘ಡಿಕ್ಷನರಿ’ ಎಂದರೆ ಶಬ್ದಾರ್ಥಕೋಶವಲ್ಲ. ಕೀಲಿ ಮತ್ತು ಮೌಲ್ಯಗಳ ಜೋಡಿಗಳ ಸಂಗ್ರಹ. ಊರಿನ ಹೆಸರು ಕೀಲಿಯಾದರೆ ಆ ಊರಿನ ಶಾಸನಗಳ ಪಟ್ಟಿ ಅದರ ಮೌಲ್ಯ. ನಾವು ಕಿಟೆಲರ 1894ರ ನಿಘಂಟಿನಲ್ಲಿ ಪದವನ್ನು ಅರಸುವಾಗ ಅಕಾರಾದಿಯನ್ನು ಹಿಡಿದು ಹೋಗುತ್ತೇವೆ. ಬೇಕಾದ ಪದ ಸಿಕ್ಕದಿದ್ದರೂ ಅದರ ನೆರೆಹೊರೆಯ ರೂಪಗಳು ಕಣ್ಣಿಗೆ ಬೀಳುತ್ತವೆ. ಯಂತ್ರದ ಕ್ರಮವೇ ಬೇರೆ. ಅದು ಕೀಲಿಯನ್ನು ‘ಹ್ಯಾಶ್’ ಎಂಬ ಗಣನೆಯಿಂದ ಒಂದು ಸಂಖ್ಯೆಯಾಗಿ ಮಾರ್ಪಡಿಸಿ, ಆ ಸಂಖ್ಯೆಯು ತೋರಿಸಿದ ಗೂಡನ್ನು ನೇರವಾಗಿ ನೋಡುತ್ತದೆ. ಅಲ್ಲಿರುವ ಕೀಲಿಯೂ ಕೇಳಿದ ಕೀಲಿಯೂ ಒಂದೆಯೇ ಎಂದು ಹೋಲಿಸುತ್ತದೆ. ಆದ್ದರಿಂದಲೇ ಸೂಚಿಯಲ್ಲಿ ನೂರು ಊರುಗಳಿರಲಿ ಲಕ್ಷ ಊರುಗಳಿರಲಿ, ಹುಡುಕುವುದಕ್ಕೆ ತಗಲುವ ಕಾಲ ಸಾಮಾನ್ಯವಾಗಿ ಒಂದೇ. ಆದರೆ ಈ ವೇಗಕ್ಕೆ ತೆತ್ತ ಬೆಲೆಯೆಂದರೆ ಯಂತ್ರಕ್ಕೆ ‘ನೆರೆಯ ರೂಪ’ವೆಂಬುದೇ ಇಲ್ಲ.

ಪೈಥಾನಿನಲ್ಲಿ ಮೌಲ್ಯವನ್ನು ನೇರವಾಗಿ ಕೇಳಿದಾಗ ಕೀಲಿ ಇಲ್ಲದಿದ್ದರೆ ‘ಕೀ ಎರರ್’ ಎಂಬ ದೋಷವನ್ನು ತೋರಿ ಕಾರ್ಯಕ್ರಮವು ನಿಂತುಹೋಗುತ್ತದೆ. ‘ಗೆಟ್’ ಎಂಬ ವಿಧಾನದಿಂದ ಕೇಳಿದರೆ ದೋಷ ಬರುವುದಿಲ್ಲ. ‘ನನ್’ ಎಂಬ ಶೂನ್ಯಸೂಚಕವೋ ನಾವೇ ಹೇಳಿಟ್ಟ ಬದಲಿ ಮೌಲ್ಯವೋ ಬರುತ್ತದೆ. ಇರುವಿಕೆಯನ್ನು ಮಾತ್ರ ತಿಳಿಯಬೇಕಾದರೆ ‘ಇನ್’ ಎಂಬ ಪದವನ್ನು ಬಳಸುತ್ತಾರೆ. ಉತ್ತರ ಹೌದು ಅಥವಾ ಅಲ್ಲ. ಹಿಂದೆ ಇದಕ್ಕೆ ‘ಹ್ಯಾಸ್ ಕೀ’ ಎಂಬ ವಿಧಾನವೂ ಇದ್ದಿತು. 2008ರಲ್ಲಿ ಬಂದ ಪೈಥಾನ್ 3ರಲ್ಲಿ ಅದನ್ನು ತೆಗೆದುಹಾಕಿದರು.

ಇನ್ನು ಹೆಸರುಗಳ ವಿಚಾರ. ಇಂದಿನ ಕೊಪ್ಪಳವು ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿ ಕೊಪಣ. ಹೈದರಾಬಾದು ಸಂಸ್ಥಾನದ ಪುರಾತತ್ವ ಇಲಾಖೆಯು 1935ರಲ್ಲಿ ಪ್ರಕಟಿಸಿದ ಸಿ. ಆರ್. ಕೃಷ್ಣಮಾಚಾರ್ಲು ಅವರ ಶಾಸನಗ್ರಂಥದ ಇಂಗ್ಲಿಷ್ ಹೆಸರಿನಲ್ಲಿ ಅದು ಕೊಪ್ಬಾಳ್. ಯಲಬುರ್ಗಾ ಸಿಂದರ ಕಾಲದಲ್ಲಿ ಎರಂಬರಗೆ. ‘ಎರಂಬರಗೆ’ ಎಂಬ ಕೀಲಿಯಿಂದ ಸೂಚಿಯನ್ನು ಕಟ್ಟಿ ‘ಯಲಬುರ್ಗಾ’ ಎಂದು ಕೇಳಿದರೆ ಯಂತ್ರವು ನಿಸ್ಸಂಕೋಚವಾಗಿ ಇಲ್ಲವೆನ್ನುತ್ತದೆ. ಅದರ ಮಟ್ಟಿಗೆ ಅದು ಸರಿಯಾದ ಉತ್ತರವೇ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಲಿಪಿಯಲ್ಲಿಯೇ ಅಡಗಿದೆ. ಯೂನಿಕೋಡ್ ವ್ಯವಸ್ಥೆಯಲ್ಲಿ ‘ಕೊಪ್ಪಳ’ದ ಮೊದಲ ಅಕ್ಷರವನ್ನು ಎರಡು ಬಗೆಯಾಗಿ ಬರೆಯಬಹುದು: ‘ಕ’ದ ಮುಂದೆ ಒಕಾರದ ಒಂದೇ ಸಂಕೇತವನ್ನಿಟ್ಟು, ಇಲ್ಲವೆ ಎಕಾರದ ಚಿಹ್ನೆಯನ್ನೂ ಊಕಾರದ ಚಿಹ್ನೆಯನ್ನೂ ಒಂದರ ಮುಂದೊಂದು ಇಟ್ಟು. ತೆರೆಯ ಮೇಲೆ ಎರಡೂ ಒಂದೇ ರೂಪದಲ್ಲಿ ಕಾಣುತ್ತವೆ. ಯಂತ್ರಕ್ಕೆ ಮಾತ್ರ ಅವು ಭಿನ್ನವಾದ ಎರಡು ಕೀಲಿಗಳು. ಆದ್ದರಿಂದ ಸೂಚಿಗೆ ಸೇರಿಸುವಾಗಲೂ ಹುಡುಕುವಾಗಲೂ ಹೆಸರನ್ನು ಯೂನಿಕೋಡಿನ ಏಕರೂಪಕ್ಕೆ ತಂದುಕೊಳ್ಳುವುದು, ಹಿಂದುಮುಂದಿನ ತೆರಪುಗಳನ್ನು ತೆಗೆಯುವುದು ಅವಶ್ಯಕ. ಪ್ರಾಚೀನ ನಾಮರೂಪಗಳಿಗೆ ಬೇರೆಯೇ ಒಂದು ಡಿಕ್ಷನರಿಯನ್ನು ಮಾಡಿ, ಕೊಪಣ, ಕೊಪ್ಬಾಳ್ ಮೊದಲಾದವುಗಳಿಂದ ಕೊಪ್ಪಳಕ್ಕೆ ದಾರಿ ತೋರಿಸಬೇಕು. ಇದು ಯಂತ್ರ ಮಾಡುವ ಕೆಲಸವಲ್ಲ, ಇತಿಹಾಸಕಾರನದು.

‘ಇನ್’ ಪರೀಕ್ಷೆಯು ಕೀಲಿಗಳನ್ನು ಮಾತ್ರ ನೋಡುತ್ತದೆ, ಮೌಲ್ಯಗಳ ಒಳಹೊಕ್ಕು ನೋಡುವುದಿಲ್ಲ ಎಂಬುದನ್ನೂ ಮರೆಯಬಾರದು. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನ ಬಂಡೆಶಾಸನಗಳು 1931ರಲ್ಲಿ ಬೆಳಕಿಗೆ ಬಂದುವು. ಅವು ಅಶೋಕನವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವುಗಳಲ್ಲಿ ಅಶೋಕನೆಂಬ ಹೆಸರು ಬರುವುದಿಲ್ಲ. ಅರಸನನ್ನು ಕರೆದಿರುವುದು ದೇವಾನಾಂಪಿಯನೆಂಬ ಬಿರುದಿನಿಂದ. ಹೆಸರನ್ನು ಸ್ಪಷ್ಟವಾಗಿ ಹೇಳಿ ಸಂಶಯವನ್ನು ಪರಿಹರಿಸಿದ್ದು 1915ರಲ್ಲಿ ದೊರೆತ ಮಸ್ಕಿಯ ಶಾಸನ. ಶಾಸನಪಾಠದಲ್ಲಿರುವ ರಾಜನಾಮಗಳನ್ನೇ ಕೀಲಿಗಳಾಗಿ ಮಾಡಿದ ಸೂಚಿಯಲ್ಲಿ ‘ಅಶೋಕ’ ಎಂಬ ಕೀಲಿಯ ಕೆಳಗೆ ಮಸ್ಕಿ ದೊರೆಯುವುದು, ಕೊಪ್ಪಳ ದೊರೆಯದು.

ಹೊಸ ವಿವರವನ್ನು ಸೇರಿಸುವ ಮೊದಲೂ ಈ ಪರೀಕ್ಷೆ ಬೇಕು. ಡಿಕ್ಷನರಿಯಲ್ಲಿ ಒಂದು ಕೀಲಿಗೆ ಒಂದೇ ಸ್ಥಾನ. ಅದೇ ಕೀಲಿಗೆ ಮತ್ತೊಂದು ಮೌಲ್ಯವನ್ನು ಕೊಟ್ಟರೆ ಹಳೆಯದು ಸದ್ದಿಲ್ಲದೆ ಅಳಿಸಿಹೋಗುತ್ತದೆ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ದೇವಾಲಯ ಕಟ್ಟಿಸಿದ ಇಟಗಿಯು ನಮ್ಮ ಸೀಮೆಯದು; ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿಯೂ ಒಂದು ಇಟಗಿಯುಂಟು. ಬರಿಯ ಊರಿನ ಹೆಸರು ಕೀಲಿಯಾದರೆ ಒಂದು ಇಟಗಿ ಇನ್ನೊಂದನ್ನು ನುಂಗುತ್ತದೆ. ತಾಲೂಕನ್ನೂ ಸೇರಿಸಿ ಜೋಡಿಕೀಲಿಯನ್ನು ಮಾಡಬಹುದಷ್ಟೆ. ಆದರೆ ತಾಲೂಕುಗಳು ಸ್ಥಿರವಲ್ಲ. ಯಲಬುರ್ಗಾ ತಾಲೂಕಿನಲ್ಲಿದ್ದ ಇಟಗಿ ಈಗ ಕುಕನೂರು ತಾಲೂಕಿನಲ್ಲಿದೆ. ಕೊಪ್ಪಳ ಜಿಲ್ಲೆಯೇ ರಾಯಚೂರಿನಿಂದ ಬೇರ್ಪಟ್ಟದ್ದು 1997ರಲ್ಲಿ. ಎಂದೂ ಬದಲಾಗದ ಕ್ರಮಸಂಖ್ಯೆಯೊಂದನ್ನು ಪ್ರತಿ ಊರಿಗೂ ಕೊಟ್ಟು, ಹೆಸರು ತಾಲೂಕುಗಳನ್ನು ಮೌಲ್ಯದ ಭಾಗವಾಗಿ ಇಡುವುದೇ ಲೇಸೆಂದು ನಮ್ಮ ಅಭಿಪ್ರಾಯ.

ಎಲ್ಲಕ್ಕಿಂತ ಮುಖ್ಯವಾದದ್ದು ಖಾಲಿ ಮೌಲ್ಯದ ಪ್ರಶ್ನೆ. ಪರಿಶೋಧಕನು ಕುಷ್ಟಗಿ ತಾಲೂಕಿನ ಒಂದು ಹಳ್ಳಿಗೆ ಹೋಗಿ, ಗುಡಿ ಕೆರೆ ಅಗಸೆಗಳನ್ನೆಲ್ಲ ನೋಡಿ, ಶಾಸನವನ್ನು ಕಾಣದೆ ಹಿಂದಿರುಗಿದನೆನ್ನೋಣ. ಇನ್ನೊಂದು ಹಳ್ಳಿಗೆ ಯಾರೂ ಹೋಗಿಯೇ ಇಲ್ಲ. ಮೊದಲನೆಯ ಊರು ಖಾಲಿ ಪಟ್ಟಿಯೊಡನೆ ಸೂಚಿಯಲ್ಲಿರಬೇಕು. ಎರಡನೆಯದರ ಕೀಲಿಯೇ ಇರಬಾರದು. ‘ಗೆಟ್’ ವಿಧಾನದಿಂದ ಬಂದುದನ್ನು ನೇರವಾಗಿ ‘ಉಂಟಾದರೆ’ ಎಂಬ ಷರತ್ತಿಗೆ ಒಡ್ಡಿದರೆ ಪೈಥಾನ್ ಖಾಲಿ ಪಟ್ಟಿಯನ್ನೂ ‘ನನ್’ ಅನ್ನೂ ಒಂದೇ ತೆರನಾಗಿ ಸುಳ್ಳೆಂದು ಎಣಿಸುತ್ತದೆ. ನೋಡಿ ಕಾಣದ ಊರಿಗೂ ನೋಡದ ಊರಿಗೂ ಇದ್ದ ಅಂತರ ಅಲ್ಲಿಗೆ ಅಳಿಯಿತು. ‘ಇನ್’ ಪರೀಕ್ಷೆಯು ಈ ಅಂತರವನ್ನು ಉಳಿಸುತ್ತದೆ. ಮೊದಲು ಕೀಲಿ ಉಂಟೆ ಎಂದು ಕೇಳಿ, ಉಂಟೆಂದಾದ ಮೇಲೆ ಪಟ್ಟಿ ಖಾಲಿಯೇ ಎಂದು ನೋಡಬೇಕು. ಖಾಲಿ ಪಟ್ಟಿಯ ಜೊತೆಗೆ ಊರನ್ನು ನೋಡಿದ ವರ್ಷವನ್ನೂ ಬರೆದಿಡುವುದು ಉಚಿತ. 1930ರಲ್ಲಿ ಮಾಡಿದ ಸೂಚಿಯಲ್ಲಿ ಕೊಪ್ಪಳದ ಹೆಸರಿನ ಮುಂದೆ ಅಶೋಕನ ಶಾಸನ ಇರಲಾರದಷ್ಟೆ.